ಮುದ್ರಣಾಲಯದ ಹಳೆಯ 286 ಕಂಪ್ಯೂಟರ್: ಎಷ್ಟು ಬೆಲೆ ಹೇಳುವುದು ನ್ಯಾಯ?

ಅಚ್ಚುಮೊಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಚಾಮರಾಜಪೇಟೆಯಲ್ಲಿ ನಮ್ಮ ತಂದೆಯವರು ನಡೆಸುತ್ತಿದ್ದ ಮುದ್ರಣಾಲಯದ ಮಳಿಗೆಯನ್ನು ಮುಂದಿನ ತಿಂಗಳು ಮಾಲೀಕರಿಗೆ ಬಿಟ್ಟುಕೊಡಬೇಕಾಗಿದೆ. ಮುದ್ರಣ ಯಂತ್ರಗಳಿಗೆ ಗಿರಾಕಿ ಸಿಕ್ಕಿದ್ದಾರೆ. ಉಳಿದಿರುವುದು ಒಂದು ಹಳೆಯ ಕಂಪ್ಯೂಟರ್. ಮನೆಯಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ, ಹಾಗೆಂದು ಏನೂ ತಿಳಿದುಕೊಳ್ಳದೆ ಕೇಳಿದವರಿಗೆ ಕೊಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ.

ಯಂತ್ರವನ್ನು 1989ರಲ್ಲಿ ಕೊಂಡದ್ದಕ್ಕೆ ಬಿಲ್ಲು ಇದೆ. ಮುಂಭಾಗದಲ್ಲಿ ವಿಪ್ರೊ ಎಂಬ ಹೆಸರಿದೆ, ಹಿಂಭಾಗದ ಚೀಟಿಯಲ್ಲಿ 'ಐಬಿಎಂ ಪಿಸಿ/ಎಟಿ ಕಂಪ್ಯಾಟಿಬಲ್' ಎಂದು ಅಚ್ಚಾಗಿದೆ. ಅಗಲವಾದ ಫ್ಲಾಪಿ ಹಾಕುವ ಒಂದು ಡ್ರೈವ್, ಒಳಗೆ ಹಾರ್ಡ್ ಡಿಸ್ಕ್, ಹಳದಿ ಅಕ್ಷರಗಳು ಮೂಡುತ್ತಿದ್ದ ಒಂದೇ ಬಣ್ಣದ ಮಾನಿಟರ್, ಕನ್ನಡ ಅಕ್ಷರದ ಚೀಟಿಗಳನ್ನು ಅಂಟಿಸಿದ ಕೀಬೋರ್ಡ್, ಅಗಲ ಕಾಗದದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಒಂದು ಡಬ್ಬಿ ಫ್ಲಾಪಿಗಳು, ಎರಡು ಕೈಪಿಡಿಗಳು ಇವೆ. ತಂದೆಯವರು ಪುಟಗಳನ್ನು ಮೊಳೆ ಜೋಡಿಸಿಯೇ ಅಚ್ಚು ಹಾಕುತ್ತಿದ್ದರು. ಕಂಪ್ಯೂಟರನ್ನು ಬಳಸಿದ್ದು ಲೆಕ್ಕಪತ್ರಗಳಿಗೆ ಮತ್ತು ನಮ್ಮಲ್ಲಿ ಅಚ್ಚಾಗುತ್ತಿದ್ದ ಒಂದು ಮಾಸಪತ್ರಿಕೆಯ ಚಂದಾದಾರರ ವಿಳಾಸಗಳನ್ನು ಕನ್ನಡದಲ್ಲಿ ಮುದ್ರಿಸುವುದಕ್ಕೆ. 1997ರ ನಂತರ ಅದನ್ನು ಯಾರೂ ಮುಟ್ಟಿಲ್ಲ.

ಗುಜರಿಯವರು ಬಂದು ನೋಡಿ, ಪ್ರಿಂಟರ್ ಸೇರಿಸಿ ಎಲ್ಲಕ್ಕೂ 1,800 ರೂಪಾಯಿ ಕೊಡುವುದಾಗಿ ಹೇಳಿದ್ದಾರೆ. ಇನ್ನೊಂದೆಡೆ, ಜಾಲತಾಣದಲ್ಲಿ ಹೆಚ್ಚುಕಡಿಮೆ ಇದೇ ರೂಪದ ಯಂತ್ರವೊಂದಕ್ಕೆ 1,20,000 ರೂಪಾಯಿ ಎಂಬ ಜಾಹೀರಾತು ನೋಡಿದೆ. ಈ ಎರಡರ ನಡುವೆ ನಿಜವಾದ ಬೆಲೆ ಎಲ್ಲಿದೆ ಎಂಬುದನ್ನು ಲೆಕ್ಕ ಹಾಕುವ ಕ್ರಮ ಯಾವುದು? ಚಾಲೂ ಮಾಡಿ ತೋರಿಸಿದರೆ ಹೆಚ್ಚು ಬೆಲೆ ಬರುತ್ತದೆಂದು ನಮ್ಮ ಚಿಕ್ಕಪ್ಪ ಹೇಳುತ್ತಿದ್ದಾರೆ; ಹಾಗೆ ಮಾಡಬಹುದೇ? ಇಡಿಯಾಗಿ ಮಾರುವುದು ಲೇಸೋ, ಬಿಡಿಭಾಗಗಳಾಗಿಯೋ?

---

ಎಸ್‌ಪಿರಸ್ತೆ_ಬೆಂಚು

ಮೊದಲು ಚಿಕ್ಕಪ್ಪನವರನ್ನು ತಡೆಯಿರಿ, ದಯವಿಟ್ಟು. ಇಷ್ಟು ವರ್ಷ ಸುಮ್ಮನಿದ್ದ ಯಂತ್ರಕ್ಕೆ ನೇರವಾಗಿ 230 ವೋಲ್ಟ್ ಕೊಡುವುದೆಂದರೆ ಅದರ ಬೆಲೆಯನ್ನು ಒಂದೇ ಕ್ಷಣದಲ್ಲಿ ಕಳೆದುಕೊಳ್ಳುವ ಸಾಧ್ಯತೆಗೆ ಕೈ ಹಾಕಿದಂತೆ. ಪವರ್ ಸಪ್ಲೈ ಒಳಗಿನ ಕೆಪಾಸಿಟರ್‌ಗಳು ಒಣಗಿರುತ್ತವೆ. ಆ ಕಾಲದ ಕೆಲವು ಪವರ್ ಸಪ್ಲೈಗಳಲ್ಲಿ ಮುಖ್ಯ ವಿದ್ಯುತ್ ಒಳಬರುವ ಕಡೆ ಕಾಗದದ ಪದರವಿರುವ ಕೆಪಾಸಿಟರ್ ಇರುತ್ತದೆ. ಅದರ ಹೊರಕವಚ ಕಾಲಕ್ರಮೇಣ ಸೀಳಿ, ತೇವ ಒಳಸೇರಿ, ವಿದ್ಯುತ್ ಕೊಟ್ಟ ಸ್ವಲ್ಪ ಹೊತ್ತಿನಲ್ಲಿ ದಟ್ಟವಾದ ಹೊಗೆ ಬಿಡುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಬ್ಯಾಟರಿ. ಮೇಲಿನ ತಗಡಿನ ಹೊದಿಕೆಯ ಸ್ಕ್ರೂಗಳನ್ನು ಬಿಚ್ಚಿ, ಮದರ್‌ಬೋರ್ಡಿನಲ್ಲಿ ಕೀಬೋರ್ಡಿನ ದುಂಡು ಸಾಕೆಟ್ ಇರುವ ಮೂಲೆಯ ಸುತ್ತಮುತ್ತ ನೋಡಿ. 286 (ಇಂಟೆಲ್‌ನ 80286 ಪ್ರೊಸೆಸರ್ ಇರುವ) ಬೋರ್ಡುಗಳಲ್ಲಿ ಬಹಳಷ್ಟಕ್ಕೆ ಅಲ್ಲಿ ಪೀಪಾಯಿಯ ಆಕಾರದ 3.6 ವೋಲ್ಟ್ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ. ಅದು ಸೋರಿದರೆ ಕ್ಷಾರ ಹೊರಬಂದು, ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಹಸಿರು ಅಥವಾ ನೀಲಿ ಬಣ್ಣದ ಪುಡಿ ಕಂಡರೆ ಬ್ಯಾಟರಿ ಸೋರಿದೆ ಎಂದು ತಿಳಿಯಿರಿ. ಆ ಪುಡಿ ಬ್ಯಾಟರಿಯ ಬುಡದಲ್ಲಿ ಮಾತ್ರ ಇದೆಯೇ, ಪಕ್ಕದ ಚಿಪ್ಪುಗಳ ಕಾಲುಗಳವರೆಗೂ ಹರಡಿದೆಯೇ ಎಂಬುದರ ಮೇಲೆ ಯಂತ್ರದ ಬೆಲೆ ಅರ್ಧಕ್ಕರ್ಧ ಬದಲಾಗುತ್ತದೆ. ಸೋರಿದ್ದರೆ ಬ್ಯಾಟರಿಯನ್ನು ಕತ್ತರಿಸಿ ತೆಗೆಸಿ. ಬಿಳಿ ವಿನೆಗರನ್ನು ಹತ್ತಿಯ ಕಡ್ಡಿಯಲ್ಲಿ ಹಚ್ಚಿ ಒರೆಸಿದರೆ ಕ್ಷಾರ ತಟಸ್ಥವಾಗುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯಬೇಕು.

ಹಾರ್ಡ್ ಡಿಸ್ಕಿನ ಮೇಲಿನ ಚೀಟಿಯನ್ನೂ ಓದಿ ತಿಳಿಸಿ. ಡಿಸ್ಕಿಗೆ ಒಂದೇ ಅಗಲವಾದ ಪಟ್ಟಿ ಕೇಬಲ್ ಬಂದಿದೆಯೇ, ಅಥವಾ ಅಗಲವಾದದ್ದೊಂದು, ಕಿರಿದಾದದ್ದೊಂದು ಹೀಗೆ ಎರಡು ಬಂದಿವೆಯೇ ಎಂಬುದನ್ನು ನೋಡಿ. ಮಾನಿಟರನ್ನು ಮಾತ್ರ ಬಿಚ್ಚಬೇಡಿ. ಚಿತ್ರನಳಿಕೆಯ ಭಾಗದಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಅದನ್ನು ಟಿ.ವಿ. ಮೆಕ್ಯಾನಿಕ್ ಮುಟ್ಟಬೇಕೇ ಹೊರತು ಬೇರೆಯವರಲ್ಲ.

---

ಬಸವನಗುಡಿ_80286

ನಾನು ಇಂತಹ ಯಂತ್ರಗಳನ್ನು ಕೊಳ್ಳುವವನು, ಅಪರೂಪಕ್ಕೆ ಮಾರುವವನು. ಆದ್ದರಿಂದ ಬೆಲೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೀವು ನೋಡಿದ 1,20,000 ರೂಪಾಯಿಯನ್ನು ಮನಸ್ಸಿನಿಂದ ತೆಗೆದುಹಾಕಿ. ಅದು ಮಾರುವವರು ಕೇಳಿದ ಬೆಲೆ. ಯಾರೂ ಕೊಟ್ಟ ಬೆಲೆಯಲ್ಲ. ಒಂದು ಜಾಹೀರಾತು ತಿಂಗಳುಗಟ್ಟಲೆ ಹಾಗೆಯೇ ನಿಂತಿದೆ ಎಂದರೆ, ಆ ಬೆಲೆಗೆ ಕೊಳ್ಳುವವರಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಇ-ಬೇಯಂತಹ ತಾಣಗಳಲ್ಲಿ ಹುಡುಕುವಾಗ 'ಮಾರಾಟವಾದವು' ಎಂಬ ಆಯ್ಕೆಯನ್ನು ಒತ್ತಿದರೆ ವ್ಯವಹಾರ ಮುಗಿದ ಬೆಲೆಗಳಷ್ಟೇ ಕಾಣುತ್ತವೆ. ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದ.

ಎರಡನೆಯದಾಗಿ, ನಿಮ್ಮದು ಐಬಿಎಂ ಯಂತ್ರವಲ್ಲ. 'ಕಂಪ್ಯಾಟಿಬಲ್' ಎಂಬ ಪದ ಚೀಟಿಯಲ್ಲಿ ಇರುವುದೇ ಅದಕ್ಕಾಗಿ. ಐಬಿಎಂ ತನ್ನ ಮೊದಲ ಪಿಸಿಯನ್ನು 1981ರ ಆಗಸ್ಟಿನಲ್ಲಿ, 286 ಪ್ರೊಸೆಸರ್ ಇರುವ ಎಟಿಯನ್ನು 1984ರಲ್ಲಿ ಬಿಡುಗಡೆ ಮಾಡಿತು. ಆದರೆ ಆ ಕಂಪನಿ 1978ರಲ್ಲೇ ಭಾರತವನ್ನು ಬಿಟ್ಟು ಹೋಗಿತ್ತು. ಟಾಟಾ ಜೊತೆ ಸೇರಿ ಮರಳಿ ಬಂದದ್ದು 1992ರಲ್ಲಿ. ನಡುವಿನ ವರ್ಷಗಳಲ್ಲಿ ನಮ್ಮ ಕಚೇರಿಗಳಿಗೆ, ಮುದ್ರಣಾಲಯಗಳಿಗೆ ಬಂದವು ಬಹುಪಾಲು ವಿಪ್ರೊ, ಎಚ್‌ಸಿಎಲ್‌ನಂತಹ ಭಾರತೀಯ ಕಂಪನಿಗಳು ಅದೇ ವಿನ್ಯಾಸವನ್ನು ಅನುಸರಿಸಿ ತಯಾರಿಸಿದ ಯಂತ್ರಗಳು. ವಿದೇಶದ ಸಂಗ್ರಾಹಕರು ನಿಜವಾದ ಐಬಿಎಂ ಎಟಿಗೆ ಕೊಡುವ ಬೆಲೆಯನ್ನು ಇವಕ್ಕೆ ಕೊಡುವುದಿಲ್ಲ. ಅವರ ದೃಷ್ಟಿಯಲ್ಲಿ ಇದು ಹೆಸರು ಕೇಳಿಲ್ಲದ ಒಂದು ಕ್ಲೋನ್, ಅಂದರೆ ನಕಲು ಯಂತ್ರ. ನಮ್ಮ ದೃಷ್ಟಿಯಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ಬೆಳೆದ ಕಂಪನಿಯ ಹೆಸರು ಹೊತ್ತು, ಬೆಂಗಳೂರಿನ ಮುದ್ರಣಾಲಯವೊಂದರಲ್ಲಿ ಕನ್ನಡದ ಕೆಲಸ ಮಾಡಿದ, ಬಿಲ್ಲು ಸಮೇತ ಉಳಿದಿರುವ ಯಂತ್ರ ಸುಲಭಕ್ಕೆ ಸಿಗುವುದಿಲ್ಲ. ಅಂದರೆ ನಿಮ್ಮ ಗಿರಾಕಿ ಇಲ್ಲೇ ಇದ್ದಾನೆ, ಆತನ ಶಕ್ತಿಗೆ ತಕ್ಕಂತೆ ಬೆಲೆ ನಿಲ್ಲುತ್ತದೆ.

ವಿದೇಶಕ್ಕೆ ಕಳುಹಿಸಬಾರದೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಅಂತರರಾಷ್ಟ್ರೀಯ ಕೊರಿಯರ್‌ಗಳು ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರುಗಳಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನು ಕಿಲೋಗ್ರಾಂ ಎಂದು ಎಣಿಸಿ, ನಿಜವಾದ ತೂಕ ಮತ್ತು ಇದರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತವೆ. ಮಲಗಿಸಿಡುವ ಎಟಿ ಪೆಟ್ಟಿಗೆಯನ್ನು ಸುತ್ತಲೂ ಫೋಮ್ ಇಟ್ಟು ಕಟ್ಟಿದರೆ 60, 55, 35 ಸೆಂಟಿಮೀಟರ್ ಆಗುತ್ತದೆ ಎಂದುಕೊಳ್ಳಿ. ಗುಣಿಸಿದರೆ 1,15,500, ಭಾಗಿಸಿದರೆ 23.1 ಕಿಲೋ. ಇದರಲ್ಲಿ ಮಾನಿಟರ್ ಸೇರಿಲ್ಲ. ಸಾಗಣೆಗೆ ತಗಲುವ ಹಣವೇ ಯಂತ್ರದ ಬೆಲೆಯನ್ನು ಮೀರುವುದರಿಂದ, ಹೊರದೇಶದ ಮಾರಾಟದ ಬೆಲೆಯನ್ನು ನೀವು ಇಲ್ಲಿ ಪಡೆಯಬಹುದಾದ ಬೆಲೆ ಎಂದು ಭಾವಿಸುವಂತಿಲ್ಲ. ಸಣ್ಣ ಕಾರ್ಡ್, ಚಿಪ್ಪುಗಳ ಮಾತು ಬೇರೆ. 40, 20, 10 ಸೆಂಟಿಮೀಟರಿನ ಡಬ್ಬಿಗೆ 1.6 ಕಿಲೋ ಅಷ್ಟೇ ಬರುತ್ತದೆ. ಬಿಡಿಭಾಗ ಮಾರುವವರು ಹುಟ್ಟಿಕೊಳ್ಳುವುದು ಈ ಅಂತರದಿಂದಲೇ.

ಗುಜರಿಯವರ 1,800 ರೂಪಾಯಿಯನ್ನೂ ಅರ್ಥ ಮಾಡಿಕೊಳ್ಳಬೇಕು. ಅವರು ಕಂಪ್ಯೂಟರಿಗೆ ಬೆಲೆ ಕಟ್ಟುತ್ತಿಲ್ಲ. ತಗಡಿಗೆ, ತಾಮ್ರಕ್ಕೆ, ಕಾರ್ಡುಗಳ ತುದಿಯಲ್ಲಿರುವ ಚಿನ್ನದ ಲೇಪಕ್ಕೆ ಬೆಲೆ ಕಟ್ಟುತ್ತಿದ್ದಾರೆ, ಅವರ ಲೆಕ್ಕದಲ್ಲಿ ಅದು ಅನ್ಯಾಯದ ಬೆಲೆಯೂ ಅಲ್ಲ. ಅದಕ್ಕಿಂತ ಕೆಳಗೆ ಇಳಿಯಬೇಕಾಗಿಲ್ಲ ಎಂಬ ನೆಲದ ಬೆಲೆಯಾಗಿ ಅದನ್ನು ಇಟ್ಟುಕೊಳ್ಳಿ. ಅದರ ಮೇಲೆ ಏನು ಸೇರುತ್ತದೆ ಎಂಬುದನ್ನು ಯಂತ್ರದ ಒಳಭಾಗವೇ ಹೇಳಬೇಕು. ಕೀಬೋರ್ಡಿನ ಕನ್ನಡ ಚೀಟಿಗಳ ಮಾತು ಕೇಳಿ ನನಗೆ ಕುತೂಹಲ ಹೆಚ್ಚಾಗಿದೆ. ಹೊದಿಕೆ ತೆಗೆದು ಎಲ್ಲ ಸ್ಲಾಟ್‌ಗಳ ಚಿತ್ರ ಹಾಕುವಿರಾ?

---

ಅಚ್ಚುಮೊಳೆ

ಇಬ್ಬರಿಗೂ ಕೃತಜ್ಞತೆಗಳು. ವಿದ್ಯುತ್ ಕೊಟ್ಟಿಲ್ಲ. ನಿನ್ನೆ ಸಂಜೆ ಹೊದಿಕೆ ತೆಗೆದು ನೋಡಿದೆ.

ಬ್ಯಾಟರಿಯ ಒಂದು ತುದಿಯಲ್ಲಿ ಹಸಿರು ಪುಡಿ ಇದೆ. ಅದರ ಕೆಳಗೆ ಬೋರ್ಡಿನ ಮೇಲೆ ಸುಮಾರು ಹೆಬ್ಬೆರಳ ಉಗುರಿನಷ್ಟು ಜಾಗ ಮಂಕಾಗಿದೆ, ಕೀಬೋರ್ಡ್ ಸಾಕೆಟ್ಟಿನ ಒಂದು ಕಾಲೂ ಹಸಿರಾಗಿದೆ. ಪಕ್ಕದ ಚಿಪ್ಪುಗಳ ಕಾಲುಗಳು ಹೊಳೆಯುತ್ತಿವೆ. ಹಾರ್ಡ್ ಡಿಸ್ಕಿನ ಚೀಟಿಯಲ್ಲಿ ಸೀಗೇಟ್ ಎಸ್‌ಟಿ-225 ಎಂದಿದೆ, ಅದಕ್ಕೆ ಎರಡು ಪಟ್ಟಿ ಕೇಬಲ್‌ಗಳು ಬಂದಿವೆ.

ಸ್ಲಾಟ್‌ಗಳಲ್ಲಿ ನಾಲ್ಕು ಕಾರ್ಡುಗಳಿವೆ. ಒಂದರ ಮೇಲೆ 'ಜಿಸ್ಟ್' ಎಂಬ ಅಕ್ಷರಗಳಿವೆ. ಕಡತಗಳಲ್ಲಿ ಹುಡುಕಿದಾಗ ಆ ಕಾರ್ಡಿಗೆ ಬೇರೆಯದೇ ಬಿಲ್ಲು ಸಿಕ್ಕಿತು, 1991ರದ್ದು. ಎರಡು ಕೈಪಿಡಿಗಳಲ್ಲಿ ಒಂದು ಇದೇ ಕಾರ್ಡಿನದು. ಕೀಬೋರ್ಡಿನ ಚೀಟಿಗಳಲ್ಲಿ ಕೆಲವು ಉದುರಿವೆ. ಉಳಿದವುಗಳಲ್ಲಿ 'ಕೆ' ಕೀಲಿಯ ಮೇಲೆ ಕ, 'ಎಚ್' ಕೀಲಿಯ ಮೇಲೆ ಪ, 'ಎಲ್' ಕೀಲಿಯ ಮೇಲೆ ತ ಎಂದು ಓದಲಾಗುತ್ತದೆ.

ಇದರಿಂದ ಬೆಲೆಗೆ ವ್ಯತ್ಯಾಸವಾಗುತ್ತದೆಯೇ?

---

ಲಿಪಿಕಾರ್ಡು

ಆಗುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಈ ಇಡೀ ಯಂತ್ರದ ಬೆಲೆಯ ಕೇಂದ್ರ ಆ ಕಾರ್ಡೇ. ಹೊಸಬರಿಗಾಗಿ ಹಿನ್ನೆಲೆಯನ್ನು ಹೇಳುತ್ತೇನೆ.

ಡಾಸ್ (ವಿಂಡೋಸ್‌ಗಿಂತ ಹಿಂದಿನ ಕಾರ್ಯಾಚರಣ ವ್ಯವಸ್ಥೆ) ಕಾಲದ ಪಿಸಿಗೆ ಕನ್ನಡ ಗೊತ್ತಿರಲಿಲ್ಲ. ಪರದೆಯ ಮೇಲೆ ಮೂಡುತ್ತಿದ್ದ ಅಕ್ಷರಗಳು ಗ್ರಾಫಿಕ್ಸ್ ಕಾರ್ಡಿನ ರೋಮ್ (ಓದಲು ಮಾತ್ರ ಬರುವ ಸ್ಮೃತಿ) ಚಿಪ್ಪಿನಲ್ಲಿ ಅಚ್ಚೊತ್ತಿದ್ದ ಇಂಗ್ಲಿಷ್ ಅಕ್ಷರಗಳು. ಒಂದು ಅಕ್ಷರಕ್ಕೆ ಒಂದು ಚೌಕ, ಎಲ್ಲವೂ ಒಂದೇ ಅಗಲ. ಒತ್ತಕ್ಷರ, ಗುಣಿತಗಳಿರುವ ನಮ್ಮ ಲಿಪಿಯನ್ನು ಆ ಚೌಕಗಳಲ್ಲಿ ಕೂರಿಸುವುದು ಸಾಧ್ಯವಿರಲಿಲ್ಲ. ಕಾನ್ಪುರದ ಐಐಟಿಯಲ್ಲಿ ಈ ಸಮಸ್ಯೆಗೆ ಪರಿಹಾರವಾಗಿ ಜಿಸ್ಟ್ ತಂತ್ರಜ್ಞಾನ ರೂಪುಗೊಂಡಿತು, ಮುಂದೆ ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಅದನ್ನು ಬೆಳೆಸಿತು. ಪಿಸಿಯ ಸ್ಲಾಟಿನಲ್ಲಿ ಈ ಕಾರ್ಡನ್ನು ಕೂರಿಸಿದರೆ, ವರ್ಡ್‌ಸ್ಟಾರ್, ಡಿಬೇಸ್‌ನಂತಹ, ಇಂಗ್ಲಿಷಿಗೆಂದೇ ಬರೆದ ಸಾಮಾನ್ಯ ತಂತ್ರಾಂಶಗಳಲ್ಲಿಯೇ ಕನ್ನಡ, ತಮಿಳು, ತೆಲುಗು, ಹಿಂದಿಗಳನ್ನು ಬೆರಳಚ್ಚಿಸಿ ಪರದೆಯ ಮೇಲೆ ನೋಡಬಹುದಾಗಿತ್ತು. ತಂದೆಯವರು ಚಂದಾದಾರರ ವಿಳಾಸಗಳನ್ನು ಕನ್ನಡದಲ್ಲಿ ಇಟ್ಟುಕೊಂಡದ್ದು ಹೀಗೆ.

ಕೀಬೋರ್ಡಿನ ವಿಚಾರದಲ್ಲಿ ನೀವು ಕೊಟ್ಟ ವಿವರ ಅಮೂಲ್ಯವಾದದ್ದು. 'ಕೆ' ಕೀಲಿಯ ಮೇಲೆ ಕ ಇದ್ದ ಮಾತ್ರಕ್ಕೆ ಏನೂ ತಿಳಿಯುವುದಿಲ್ಲ, ಏಕೆಂದರೆ ಕನ್ನಡದ ಇನ್ನೊಂದು ಪ್ರಚಲಿತ ಕೀಲಿಮಣೆಯಾದ ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿಯೂ ಕ ಅಲ್ಲೇ ಇದೆ. ಆದರೆ ಅವರ ವಿನ್ಯಾಸದಲ್ಲಿ 'ಎಚ್' ಕೀಲಿಗೆ ಹ ಬರುತ್ತದೆ. ನಿಮ್ಮಲ್ಲಿ ಪ ಇದೆ, 'ಎಲ್' ಮೇಲೆ ತ ಇದೆ. ಆದ್ದರಿಂದ ಇದು ಭಾರತದ ಎಲ್ಲ ಲಿಪಿಗಳಿಗೂ ಒಂದೇ ಕ್ರಮವನ್ನು ಗೊತ್ತುಮಾಡಿದ ಇನ್‌ಸ್ಕ್ರಿಪ್ಟ್ ವಿನ್ಯಾಸ, ಜಿಸ್ಟ್ ಕಾರ್ಡಿನೊಂದಿಗೆ ಹೊಂದುವಂಥದ್ದು. 'ಡಿ' ಕೀಲಿಯ ಚೀಟಿ ಉಳಿದಿದ್ದರೆ ಅದರ ಮೇಲೆ ಒತ್ತಕ್ಷರಕ್ಕೆ ಬಳಸುವ ಅರ್ಧಾಕ್ಷರದ ಚಿಹ್ನೆ ಇರಬೇಕು, ಗಮನಿಸಿ. ಸಡಿಲವಾಗಿರುವ ಚೀಟಿಗಳನ್ನು ಕಿತ್ತು ಎಸೆಯಬೇಡಿ, ಕೀಲಿಗಳನ್ನು ಸೋಪಿನ ನೀರಿನಲ್ಲಿ ತೊಳೆಯಲೂ ಬೇಡಿ. ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ರೂಢಿಯೊಂದಿದೆ. ಮಾರುವ ಮೊದಲು ಅದು ಬೇಡವೇ ಬೇಡ; ಕೊಳ್ಳುವವನಿಗೆ ಅದು ಬೇಕಿದ್ದರೆ ಆತನೇ ಮಾಡಿಕೊಳ್ಳಲಿ.

ಫ್ಲಾಪಿ ಡಬ್ಬಿಯಲ್ಲಿ ಕಾರ್ಡಿನ ಚಾಲಕ ತಂತ್ರಾಂಶವಿರುವ ಫ್ಲಾಪಿ ಇದೆಯೇ ಎಂದು ಹೆಸರುಗಳನ್ನು ಓದಿ ನೋಡಿ. ಕಾರ್ಡ್ ಇದ್ದು ತಂತ್ರಾಂಶ ಇಲ್ಲವಾದರೆ ಅದು ಬೀಗ ಕಳೆದುಕೊಂಡ ಬೀಗದ ಕೈಯಂತೆ. ಯಾವ ಫ್ಲಾಪಿಯನ್ನೂ ಡ್ರೈವಿಗೆ ಹಾಕಬೇಡಿ. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ಉದ್ದನೆಯ ಕಿಂಡಿಯಲ್ಲಿ ಕಾಣುವ ಕಂದು ತಟ್ಟೆಯನ್ನು ಮಧ್ಯದಲ್ಲಿ ಬೆರಳಿಟ್ಟು ನಿಧಾನವಾಗಿ ತಿರುಗಿಸಿ ನೋಡಿ. ಬಿಳಿಯ ಮಚ್ಚೆಗಳು ಕಂಡರೆ ಅದು ಬೂಷ್ಟು. ಅಂತಹದ್ದನ್ನು ಹಾಕಿದರೆ ಡ್ರೈವಿನ ಹೆಡ್ ಕೊಳೆಯಾಗಿ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಗಳೂ ಗೀರು ಬಿದ್ದು ಹಾಳಾಗುತ್ತವೆ.

ಇಡಿಯಾಗಿಯೋ ಬಿಡಿಯಾಗಿಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ಪ್ರಿಂಟರನ್ನು ಬೇರೆ ಮಾರಬಹುದು. ಕಾರ್ಡ್, ಅದರ ಬಿಲ್ಲು, ಕೈಪಿಡಿ, ಫ್ಲಾಪಿ, ಚೀಟಿ ಅಂಟಿಸಿದ ಕೀಬೋರ್ಡ್, ಈ ಐದನ್ನು ಒಂದರಿಂದ ಒಂದು ಬೇರ್ಪಡಿಸಬಾರದು. ಕಾರ್ಡನ್ನು ಮಾತ್ರ ಕೇಳಿ ಒಳ್ಳೆಯ ಹಣ ಕೊಡುವವರು ಬರಬಹುದು. ಅಂಥವರಿಗೆ ಕೊಟ್ಟರೆ ಉಳಿದ ಯಂತ್ರ ಗುಜರಿಯವರ ಬೆಲೆಗೆ ಇಳಿಯುತ್ತದೆ.

---

ಎಸ್‌ಪಿರಸ್ತೆ_ಬೆಂಚು

ನೀವು ವಿವರಿಸಿದ ಮಟ್ಟಿನ ಬ್ಯಾಟರಿ ಸೋರಿಕೆ ದುರಸ್ತಿಯಾಗುವಂಥದ್ದು. ಕೀಬೋರ್ಡ್ ಸಾಕೆಟ್ ಬದಲಿಸಿ, ತುಂಡಾದ ಗೆರೆ ಇದ್ದರೆ ಸಣ್ಣ ತಂತಿಯಿಂದ ಜೋಡಿಸಿದರೆ ಸಾಕು.

ಎಸ್‌ಟಿ-225 ಬಗ್ಗೆ ಮೂರು ಮಾತು ಹೇಳಲೇಬೇಕು. ಅದು 20 ಎಂಬಿಯ ಡಿಸ್ಕ್. ವಿದ್ಯುತ್ ಹೋದಾಗ ಹೆಡ್ಡನ್ನು ತಾನಾಗಿ ಸುರಕ್ಷಿತ ಜಾಗಕ್ಕೆ ಸರಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿಲ್ಲ. ಕೆಲಸ ಮುಗಿದ ಮೇಲೆ 'ಪಾರ್ಕ್' ಎಂಬ ಆದೇಶ ಕೊಟ್ಟು ಯಂತ್ರವನ್ನು ಆರಿಸಬೇಕಿತ್ತು. ಕೊನೆಯ ದಿನ ಹಾಗೆ ಮಾಡಿದ್ದರೋ ಇಲ್ಲವೋ ಈಗ ತಿಳಿಯುವಂತಿಲ್ಲವಾದ್ದರಿಂದ, ಹೆಡ್ ದತ್ತಾಂಶದ ಮೇಲೆಯೇ ನಿಂತಿದೆ ಎಂದು ಭಾವಿಸಿ, ಯಂತ್ರವನ್ನು ಎತ್ತಿ ಕುಕ್ಕದೆ ಸಾಗಿಸಿ. ಎರಡನೆಯದಾಗಿ, ಎರಡು ಕೇಬಲ್ ಇರುವ ಈ ಬಗೆಯ ಡಿಸ್ಕನ್ನು ಅದರ ಕಂಟ್ರೋಲರ್ ಕಾರ್ಡಿನಿಂದ ಬೇರೆ ಮಾಡಬಾರದು. ಒಂದು ಕಾರ್ಡಿನಲ್ಲಿ ಫಾರ್ಮ್ಯಾಟ್ ಮಾಡಿದ್ದನ್ನು ಇನ್ನೊಂದು ಕಂಪನಿಯ ಕಾರ್ಡ್ ಎಷ್ಟೋ ಸಲ ಓದುವುದೇ ಇಲ್ಲ.

ಮೂರನೆಯದು ನೇರವಾಗಿ ಬೆಲೆಗೆ ಸಂಬಂಧಿಸಿದ್ದು. ಬ್ಯಾಟರಿ ಸತ್ತ 286 ತನ್ನಲ್ಲಿ ಯಾವ ಡಿಸ್ಕ್ ಇದೆ ಎಂಬುದನ್ನೇ ಮರೆತಿರುತ್ತದೆ. ಆಗ ಪರದೆಯ ಮೇಲೆ ಬರುವ ದೋಷದ ಸಂದೇಶವನ್ನು ಓದಿ, 'ಹಾರ್ಡ್ ಡಿಸ್ಕ್ ಹೋಗಿದೆ, ಬೆಲೆ ಇಳಿಸಿ' ಎನ್ನುವ ಗಿರಾಕಿಗಳಿದ್ದಾರೆ. ಸೆಟಪ್‌ನಲ್ಲಿ (ಯಂತ್ರದ ಭಾಗಗಳ ವಿವರ ತುಂಬುವ ಪರದೆಯಲ್ಲಿ) ಡಿಸ್ಕಿನ ವಿಧ 2 ಎಂದು, ಅಂದರೆ 615 ಸಿಲಿಂಡರ್, 4 ಹೆಡ್ ಎಂದು ತುಂಬುವವರೆಗೆ ಆ ಡಿಸ್ಕ್ ಸತ್ತಿದೆಯೋ ಬದುಕಿದೆಯೋ ಯಾರೂ ಹೇಳಲಾರರು. ಈ ಮಾತಿಗೆ ಮಣಿದು ಬೆಲೆ ಇಳಿಸಬೇಡಿ.

ಪವರ್ ಸಪ್ಲೈಯನ್ನು ಹೊರತೆಗೆಸಿ ಪ್ರತ್ಯೇಕವಾಗಿ ಪರೀಕ್ಷಿಸಿದ ಮೇಲೆಯೇ ಬೋರ್ಡಿಗೆ ಸೇರಿಸಬೇಕು. ಸೇರಿಸುವಾಗ ಪಿ8, ಪಿ9 ಎಂಬ ಎರಡು ಕನೆಕ್ಟರ್‌ಗಳ ಕಪ್ಪು ತಂತಿಗಳು ಮಧ್ಯದಲ್ಲಿ ಒಟ್ಟಿಗೆ ಬರಬೇಕು. ಅದಲುಬದಲಾದರೆ ಬೋರ್ಡ್ ಸುಟ್ಟುಹೋಗುತ್ತದೆ. ಯಾರ ಬಳಿ ದುರಸ್ತಿ ಮಾಡಿಸಿದರೂ ಇದನ್ನು ಎದುರಿಗೆ ನಿಂತು ನೋಡಿಕೊಳ್ಳಿ.

---

ಕಲಾವಿಭಾಗ_ಗಾಂಧಿನಗರ

ಚಲನಚಿತ್ರಗಳ ಕಲಾವಿಭಾಗದಲ್ಲಿ ಕೆಲಸ ಮಾಡುವ ನನ್ನದೊಂದು ಸಣ್ಣ ಸೇರ್ಪಡೆ. ತೊಂಬತ್ತರ ದಶಕದ ಕಚೇರಿಯ ದೃಶ್ಯಗಳಿಗೆ ಇಂತಹ ಯಂತ್ರಗಳನ್ನು ನಾವು ಬಾಡಿಗೆಗೆ ಹುಡುಕುತ್ತೇವೆ. ನಮಗೆ ಬೇಕಾಗುವುದು ಹೊರರೂಪ, ಮುಖ್ಯವಾಗಿ ಮಾನಿಟರ್. ಹಳೆಯ ಪರದೆಯನ್ನು ಕ್ಯಾಮೆರಾದಲ್ಲಿ ಹಿಡಿದರೆ ಪಟ್ಟೆಗಳು ಓಡುವುದರಿಂದ ಅದನ್ನು ಚಾಲೂ ಮಾಡುವ ಸಂದರ್ಭವೇ ಕಡಿಮೆ. ಬಾಡಿಗೆಯ ಆದಾಯ ನಿರಂತರವಾಗಿ ಬರುವಂಥದ್ದಲ್ಲ, ಹಾಗಾಗಿ ಅದನ್ನು ಮಾರಾಟದ ಬೆಲೆಗೆ ಸೇರಿಸಬೇಡಿ. ಕೆಲಸ ಮಾಡುವ ಯಂತ್ರವನ್ನು ಚಿತ್ರೀಕರಣಕ್ಕೆ ಕೊಡದಿರುವುದೇ ಒಳ್ಳೆಯದು ಎಂದು ನಾನೇ ಹೇಳುತ್ತೇನೆ.

---

ಬಸವನಗುಡಿ_80286

ಒಳಗಿನ ವಿವರಗಳು ಬಂದ ಮೇಲೆ ಅಂಕಿ ಹೇಳಬಹುದು. ಇವು ಮಾರುಕಟ್ಟೆಯ ದರಗಳಲ್ಲ. ಕೊಳ್ಳುವವನಾಗಿ ನಾನು ಎಷ್ಟರವರೆಗೆ ಹೋಗುತ್ತೇನೆ ಎಂಬುದಷ್ಟೇ.

ಪರೀಕ್ಷಿಸದ, ಬ್ಯಾಟರಿ ತೆಗೆದು ಸ್ವಚ್ಛಗೊಳಿಸಿದ ಈ ಯಂತ್ರವನ್ನು ಜಿಸ್ಟ್ ಕಾರ್ಡ್ ಮತ್ತು ಕಾಗದಪತ್ರಗಳ ಸಮೇತ, ಪ್ರಿಂಟರ್ ಬಿಟ್ಟು, ನಾನು 12,000 ರೂಪಾಯಿಯವರೆಗೆ ಕೊಳ್ಳುವೆ. ಕಾರ್ಡ್ ಇಲ್ಲದಿದ್ದರೆ 5,000ಕ್ಕಿಂತ ಮೇಲೆ ಹೋಗಲಾರೆ. ಪವರ್ ಸಪ್ಲೈ ಪರೀಕ್ಷೆಯಾಗಿ, ಪರದೆಯ ಮೇಲೆ ಕನ್ನಡ ಅಕ್ಷರ ಮೂಡುವುದನ್ನು ಕಣ್ಣಾರೆ ತೋರಿಸಿದರೆ 25,000 ಕೊಡಲು ಹಿಂಜರಿಯುವುದಿಲ್ಲ. ಈ ಅಂತರವೆಲ್ಲ ಅನಿಶ್ಚಿತತೆಯ ಬೆಲೆ. ಪರೀಕ್ಷಿಸದ ಯಂತ್ರವನ್ನು ಕೊಳ್ಳುವವನು ಬೋರ್ಡ್ ಸತ್ತಿರಬಹುದಾದ ನಷ್ಟವನ್ನು ತಾನು ಹೊರುತ್ತಾನೆ, ಅದಕ್ಕೆ ತಕ್ಕಂತೆ ಕಡಿಮೆ ಕೊಡುತ್ತಾನೆ. ಆದ್ದರಿಂದ ದುರಸ್ತಿಗೆ ಆಗುವ ಖರ್ಚು ಈ ಅಂತರಕ್ಕಿಂತ ಬಹಳ ಕಡಿಮೆಯಿದ್ದು, ನಿಮಗೆ ಸಮಯವೂ ಇದ್ದರೆ ಮಾತ್ರ ದುರಸ್ತಿ ಮಾಡಿಸಿ. ಮಳಿಗೆ ಬಿಡುವ ಗಡುವು ಇರುವುದರಿಂದ, ಅವಸರದಲ್ಲಿ ಮಾಡಿಸಿದ ದುರಸ್ತಿಗಿಂತ ಪರೀಕ್ಷಿಸಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿ ಮಾರುವುದೇ ಮೇಲು.

---

ಲಿಪಿಕಾರ್ಡು

12,000 ಕಡಿಮೆಯಾಯಿತು ಎಂದು ನನಗನ್ನಿಸುತ್ತದೆ. ಮೂಲ ಬಿಲ್ಲು, ಕೈಪಿಡಿ, ಬಳಸಿದವರ ವಿವರ ಇವೆಲ್ಲ ಒಟ್ಟಿಗಿರುವ ಜಿಸ್ಟ್ ವ್ಯವಸ್ಥೆಯನ್ನು ಪರೀಕ್ಷಿಸದಿದ್ದರೂ 16,000ದಿಂದ ಆರಂಭಿಸಬಹುದು. ಸಾಮಾನ್ಯ 286ಕ್ಕೆ ಬೋರ್ಡ್ ಸತ್ತರೆ ಎಲ್ಲವೂ ಮುಗಿಯಿತು. ಇಲ್ಲಿ ಬೋರ್ಡ್ ಸತ್ತರೂ ಕಾರ್ಡನ್ನು ಬೇರೊಂದು ಯಂತ್ರದಲ್ಲಿ ಕೂರಿಸಬಹುದಾದ್ದರಿಂದ ಕೊಳ್ಳುವವನು ಹೊರುವ ನಷ್ಟ ಅಷ್ಟು ದೊಡ್ಡದಲ್ಲ.

ಇನ್ನೊಂದು ವಿಷಯ, ಹಣಕ್ಕಿಂತ ಮುಖ್ಯವಾದದ್ದು. ಡಿಸ್ಕಿನಲ್ಲಿ ಚಂದಾದಾರರ ಹೆಸರು, ವಿಳಾಸಗಳಿವೆ ಎಂದಿದ್ದೀರಿ. ಅವು ಬೇರೆಯವರ ಖಾಸಗಿ ವಿವರಗಳು. ಹಾಗೆಂದು ಡಿಸ್ಕನ್ನು ಅಳಿಸಿಬಿಟ್ಟರೆ ಕನ್ನಡದಲ್ಲಿ ಕೆಲಸ ಮಾಡುತ್ತಿದ್ದ ಒಂದು ಇಡೀ ವ್ಯವಸ್ಥೆ ಹೋಗುತ್ತದೆ. ಡಿಬೇಸ್ ಕಡತಗಳನ್ನು ಇಂದಿನ ಲಿಬ್ರೆಆಫೀಸ್ ಕೂಡ ತೆರೆಯುತ್ತದೆ. ಅದರಲ್ಲಿರುವ ಕನ್ನಡ ಇಸ್ಕಿ (ಭಾರತೀಯ ಲಿಪಿಗಳಿಗಾಗಿ ಮಾಡಿದ ಹಳೆಯ ಅಕ್ಷರಸಂಕೇತ ಕ್ರಮ) ಸಂಕೇತದಲ್ಲಿದ್ದರೆ ಯುನಿಕೋಡಿಗೆ ಪರಿವರ್ತಿಸುವುದೂ ಕಷ್ಟವಲ್ಲ, ಏಕೆಂದರೆ ಯುನಿಕೋಡಿನ ಭಾರತೀಯ ಲಿಪಿಗಳ ವಿನ್ಯಾಸಕ್ಕೆ ಇಸ್ಕಿಯೇ ಆಧಾರ. ಕೊಳ್ಳುವವರಿಂದ ಒಂದು ಕರಾರು ಬರೆಸಿಕೊಳ್ಳಿ: ಡಿಸ್ಕ್ ಓದಲು ಬಂದರೆ ಮೊದಲು ಒಂದು ಪ್ರತಿಯನ್ನು ನಿಮಗೆ ಕೊಟ್ಟು, ವಿಳಾಸಗಳ ಕಡತವನ್ನು ಮಾತ್ರ ಅಳಿಸಿ, ತಂತ್ರಾಂಶಗಳನ್ನು ಹಾಗೆಯೇ ಉಳಿಸಬೇಕು.

---

ಅಚ್ಚುಮೊಳೆ

ಫ್ಲಾಪಿಗಳನ್ನು ನೀವು ಹೇಳಿದಂತೆ ಬೆಳಕಿಗೆ ಹಿಡಿದು ನೋಡಿದೆ. ಜಿಸ್ಟ್ ಎಂದು ತಂದೆಯವರೇ ಬರೆದಿರುವ ಎರಡು ಫ್ಲಾಪಿಗಳಿವೆ, ಒಂದರಲ್ಲಿ ಬೂಷ್ಟು ಇದೆ, ಇನ್ನೊಂದು ಸ್ವಚ್ಛವಾಗಿದೆ. 'ಡಿ' ಕೀಲಿಯ ಚೀಟಿಯೂ ಇದೆ, ಅರ್ಧಾಕ್ಷರದ ಚಿಹ್ನೆ ಕಾಣುತ್ತದೆ. ಬ್ಯಾಟರಿಯನ್ನು ಪರಿಚಯದ ಮೆಕ್ಯಾನಿಕ್ ಒಬ್ಬರಿಂದ ತೆಗೆಸಿದ್ದೇನೆ.

ಈ ಕೆಳಗಿನಂತೆ ಜಾಹೀರಾತು ಹಾಕಬೇಕೆಂದಿದ್ದೇನೆ. ತಿದ್ದುಪಡಿ ಇದ್ದರೆ ತಿಳಿಸಿ.

"1989ರ ವಿಪ್ರೊ 286 ಕಂಪ್ಯೂಟರ್, 1991ರ ಜಿಸ್ಟ್ ಕಾರ್ಡ್, ಎರಡರ ಮೂಲ ಬಿಲ್ಲುಗಳು, ಕೈಪಿಡಿಗಳು, ಇನ್‌ಸ್ಕ್ರಿಪ್ಟ್ ಚೀಟಿಗಳಿರುವ ಕೀಬೋರ್ಡ್, ಹಳದಿ ಅಕ್ಷರದ ಮಾನಿಟರ್, ಎಸ್‌ಟಿ-225 ಡಿಸ್ಕ್. 1997ರಿಂದ ವಿದ್ಯುತ್ ಕೊಟ್ಟಿಲ್ಲ, ಪರೀಕ್ಷಿಸಿಲ್ಲ. ಬ್ಯಾಟರಿ ಸೋರಿ ಕೀಬೋರ್ಡ್ ಸಾಕೆಟ್ಟಿನ ಬಳಿ ಬೋರ್ಡ್ ಸ್ವಲ್ಪ ಹಾಳಾಗಿದೆ, ಚಿತ್ರ ಲಗತ್ತಿಸಿದೆ. ಬಿಡಿಭಾಗಗಳಾಗಿ ಮಾರುವುದಿಲ್ಲ. ಚಾಮರಾಜಪೇಟೆಗೆ ಬಂದು ನೋಡಿ ಒಯ್ಯಬೇಕು. 16,000 ರೂಪಾಯಿ."

ಪ್ರಿಂಟರನ್ನು ಬೇರೆಯಾಗಿ ಹಾಕುತ್ತೇನೆ.

---

ಬಸವನಗುಡಿ_80286

ಒಳ್ಳೆಯ ಜಾಹೀರಾತು. ಹಾನಿಯನ್ನು ನೀವೇ ಮೊದಲು ಹೇಳಿರುವುದರಿಂದ ಗಿರಾಕಿ ಬಂದು ನೋಡಿದ ಮೇಲೆ ಚೌಕಾಸಿಗೆ ಅವಕಾಶ ಕಡಿಮೆಯಾಗುತ್ತದೆ. ಸ್ವಚ್ಛವಾಗಿರುವ ಜಿಸ್ಟ್ ಫ್ಲಾಪಿಯ ಮಾತನ್ನು ಸೇರಿಸಿ, ಅದು ಬಿಟ್ಟುಹೋಗಿದೆ. ಡಿಸ್ಕಿನ ಕರಾರನ್ನೂ ಜಾಹೀರಾತಿನಲ್ಲಿಯೇ ಬರೆಯಿರಿ, ವ್ಯವಹಾರ ಕುದುರಿದ ಮೇಲೆ ಹೇಳಿದರೆ ಮನಸ್ತಾಪಕ್ಕೆ ದಾರಿಯಾಗುತ್ತದೆ.

ಲಿಪಿಕಾರ್ಡು ಅವರ ವಾದವನ್ನು ಒಪ್ಪುತ್ತೇನೆ. ಸ್ವಚ್ಛವಾದ ಫ್ಲಾಪಿ ಇರುವುದರಿಂದ 16,000 ನ್ಯಾಯವಾದ ಬೆಲೆಯೇ. ಈ ಭಾನುವಾರ ಬೆಳಗ್ಗೆ ಬಂದು ನೋಡಬಹುದೇ? ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿ. ಕಾರು ತರುತ್ತೇನೆ, ಯಂತ್ರವನ್ನು ಹಿಂದಿನ ಸೀಟಿನಲ್ಲಿ ಫೋಮಿನ ಮೇಲೆ ಮಲಗಿಸಿಯೇ ಒಯ್ಯುತ್ತೇನೆ. ಕರಾರಿನ ಕಾಗದಕ್ಕೆ ಅಲ್ಲಿಯೇ ಸಹಿ ಹಾಕುವೆ.